ಕರಾವಳಿಯಿಂದ ಬಂದ ಪಿಕಪ್, ಚಾಸಿಯ ತುಕ್ಕು: ಕೊಳ್ಳುವ ಮುನ್ನ ಅಳೆಯಬೇಕಾದದ್ದು ಏನು?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ರೈತ. ತೋಟದ ಎಳನೀರನ್ನು ಮದ್ದೂರಿನ ಮಾರುಕಟ್ಟೆಗೂ ತರಕಾರಿಯನ್ನು ಮೈಸೂರಿನ ಬಂಡಿಪಾಳ್ಯಕ್ಕೂ ಸಾಗಿಸಲು ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ನೋಡಿದ್ದೇನೆ. 2015ರ ಮಾದರಿ, ಕೆಎ-20 ನೋಂದಣಿ. ಮೊದಲ ಮಾಲೀಕರು ಮಲ್ಪೆಯಿಂದ ಮೀನು ಸಾಗಿಸುತ್ತಿದ್ದರಂತೆ. ಎಂಜಿನ್ ಚೆನ್ನಾಗಿದೆ. ಚಾಸಿಗೆ ಹೊಸದಾಗಿ ಕಪ್ಪು ಬಣ್ಣ ಹೊಡೆದಿದ್ದಾರೆ, ಆದರೆ ಹಿಂದಿನ ಲೀಫ್ ಸ್ಪ್ರಿಂಗ್ ಕೂರುವ ಜಾಗದಲ್ಲಿ ಬಣ್ಣದಡಿ ಹಕ್ಕಳೆ ಎದ್ದಂತೆ ಕಾಣುತ್ತದೆ. ‘ಮಂಡ್ಯದ ಒಣಹವೆಗೆ ಬಂದ ಮೇಲೆ ತುಕ್ಕು ತಾನಾಗಿ ನಿಲ್ಲುತ್ತದೆ, ಬೇಕಿದ್ದರೆ ಒಂದು ಪ್ಲೇಟು ವೆಲ್ಡ್ ಮಾಡಿಸಿದರಾಯಿತು’ ಎನ್ನುತ್ತಾರೆ ಮಾರುವವರು. ಕೊಳ್ಳಬಹುದೇ?

ಉತ್ತರ: ಮಾರುವವರ ಎರಡು ಮಾತುಗಳಲ್ಲಿ ಮೊದಲನೆಯದು ತಪ್ಪು. ಎರಡನೆಯದು ಅರ್ಧ ನಿಜ, ಉಳಿದ ಅರ್ಧ ಜೀವಕ್ಕೆ ಎರವಾಗುವಂಥದ್ದು. ಆದರೂ ಈ ವಾಹನವನ್ನು ನೋಡದೆಯೇ ಬೇಡವೆಂದು ನಾನು ಹೇಳುವುದಿಲ್ಲ. ತುಕ್ಕು ಹಿಡಿದ ಚಾಸಿಗಳಲ್ಲಿ ಇನ್ನೂ ಹತ್ತು ವರ್ಷ ದುಡಿಯುವಂಥವೂ ಇರುತ್ತವೆ, ನಾಳೆಯ ಹೊರೆಗೆ ಮುರಿಯುವಂಥವೂ ಇರುತ್ತವೆ. ಇವೆರಡನ್ನು ಬೇರ್ಪಡಿಸಬೇಕಾದರೆ ಮೇಲೆ ಕಾಣುವ ಕೆಂಪನ್ನೂ ಅದನ್ನು ಮುಚ್ಚಿದ ಕಪ್ಪನ್ನೂ ಬದಿಗಿಟ್ಟು, ಯಾವ ಜಾಗದಲ್ಲಿ ಎಷ್ಟು ದಪ್ಪದ ಉಕ್ಕು ಉಳಿದಿದೆ ಎಂಬುದನ್ನು ಅಳೆಯಬೇಕು.

ಮೊದಲು ಒಣಹವೆಯ ಮಾತನ್ನು ನೋಡೋಣ. ಮಂಗಳೂರು, ಉಡುಪಿ ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬಿದ್ದರೆ ಮಂಡ್ಯದಲ್ಲಿ ಬೀಳುವುದು ಸುಮಾರು ಏಳುನೂರು ಮಿಲಿಮೀಟರ್ ಎಂಬುದು ನಿಜವೇ. ಇಲ್ಲಿಯೇ ಹುಟ್ಟಿ ಇಲ್ಲಿಯೇ ಓಡಿದ ವಾಹನದ ಚಾಸಿಯಲ್ಲಿ ಹದಿನೈದು ವರ್ಷದ ಮೇಲೂ ತೆಳುವಾದ ತುಕ್ಕಿನ ಪುಡಿಯ ಹೊರತು ಬೇರೇನೂ ಕಾಣದಿರುವುದು ಅಪರೂಪವಲ್ಲ. ಆದರೆ ಮೀನಿನ ಪಿಕಪ್‌ನ ಕಥೆ ಬರೀ ಮಳೆಯದಲ್ಲ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಮೀನಿನ ಕ್ರೇಟುಗಳಿಂದ ಕರಗಿದ ಮಂಜುಗಡ್ಡೆಯ ನೀರು ಆ ಉಪ್ಪನ್ನು ಹೊತ್ತುಕೊಂಡು ಹಿಂಬದಿಯ ತೊಟ್ಟಿಯ ಸಂದುಗಳಿಂದ ಇಳಿದು, ಕೆಳಗಿನ ಚಾಸಿಯ ಮೇಲ್ಮೈಯಲ್ಲಿ, ಜೋಡುತಗಡುಗಳ ನಡುವೆ, ಬೋಲ್ಟುಗಳ ಸುತ್ತ ದಿನಾಲೂ ಕೂತಿರುತ್ತದೆ. ನೀರು ಆರಿಹೋಗುತ್ತದೆ, ಉಪ್ಪು ಮಾತ್ರ ಅಲ್ಲಿಯೇ ಉಳಿಯುತ್ತದೆ.

ತುಕ್ಕಿನ ಪದರವು ಗಟ್ಟಿಯಾದ ಹೊದಿಕೆಯಲ್ಲ, ಅದು ಸ್ಪಂಜಿನಂತೆ ರಂಧ್ರಮಯ. ಅದರ ಬುಡದಲ್ಲಿ, ಉಕ್ಕಿಗೆ ತಾಗಿದ ಕುಳಿಗಳಲ್ಲಿ ಉಪ್ಪಿನ ಕ್ಲೋರೈಡ್ ಅಡಗಿ ಕೂರುತ್ತದೆ. ಗಾಳಿಯ ತೇವಾಂಶ ಶೇಕಡ 75ರ ಆಸುಪಾಸಿಗೆ ಏರಿತೆಂದರೆ ಅಡಿಗೆ ಉಪ್ಪು ಗಾಳಿಯಿಂದಲೇ ನೀರನ್ನು ಹೀರಿ ದ್ರವವಾಗುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಯ ಉಪ್ಪಿನ ಜಾಡಿ ಒದ್ದೆಯಾಗುವುದು ಇದೇ ಕಾರಣಕ್ಕೆ. ಮಂಡ್ಯದಲ್ಲೂ ಮೈಸೂರಿನಲ್ಲೂ ಜೂನ್‌ನಿಂದ ನವೆಂಬರ್‌ವರೆಗೆ ರಾತ್ರಿ, ಬೆಳಗಿನ ಜಾವದ ಗಾಳಿ ಈ ಮಟ್ಟವನ್ನು ಸುಲಭವಾಗಿ ದಾಟುತ್ತದೆ. ಹಾಗಾಗಿ ನಿಮ್ಮ ಅಂಗಳದಲ್ಲಿ ಒಂದು ಹನಿ ಮಳೆ ಬೀಳದ ದಿನವೂ ಆ ಚಾಸಿಯ ಜೋಡುಗಳೊಳಗೆ ತುಕ್ಕಿಗೆ ಬೇಕಾದ ಉಪ್ಪುನೀರು ತಾನಾಗಿ ಸಿದ್ಧವಾಗುತ್ತಿರುತ್ತದೆ. ಉಪ್ಪನ್ನು ತೊಳೆದು ತೆಗೆಯುವವರೆಗೆ ಕರಾವಳಿ ಆ ವಾಹನದ ಜೊತೆಯಲ್ಲೇ ಬಂದಿದೆ ಎಂದು ತಿಳಿಯಬೇಕು. ಹೊಸ ಕಪ್ಪು ಬಣ್ಣ ಈ ಸಮಸ್ಯೆಯನ್ನು ಹೆಚ್ಚಿಸುತ್ತದೆಯೇ ಹೊರತು ತಗ್ಗಿಸುವುದಿಲ್ಲ. ಕೆಳಗಿರುವ ಉಪ್ಪು ಹಾಗೆಯೇ ಕೆಲಸ ಮಾಡುತ್ತದೆ, ನೀವು ನೋಡಬೇಕಾದ ಗುರುತುಗಳು ಮಾತ್ರ ಮರೆಯಾಗುತ್ತವೆ.

ಇನ್ನು ಚಾಸಿ ಹೊರೆಯನ್ನು ಹೇಗೆ ಹೊರುತ್ತದೆ ಎಂಬುದನ್ನು ಸ್ವಲ್ಪ ತಿಳಿದರೆ ಎಲ್ಲಿ ನೋಡಬೇಕೆಂಬುದು ತಾನಾಗಿ ಅರ್ಥವಾಗುತ್ತದೆ. ಪಿಕಪ್‌ನ ಚಾಸಿ ಒಂದು ಏಣಿ: ಎರಡು ಉದ್ದ ತೊಲೆಗಳು, ಅವನ್ನು ಹಿಡಿದಿಡುವ ಅಡ್ಡ ತೊಲೆಗಳು. ಉದ್ದ ತೊಲೆ ಬಹುಪಾಲು ಕಡೆ ‘ಸಿ’ ಅಕ್ಷರದಂತೆ ಮಡಿಚಿದ ಉಕ್ಕು. ಕೆಲವು ಮಾದರಿಗಳಲ್ಲಿ, ಕೆಲವು ಭಾಗಗಳಲ್ಲಿ ಪೆಟ್ಟಿಗೆಯಂತೆ ಮುಚ್ಚಿರುತ್ತದೆ. ಹೊರೆ ಬಿದ್ದು ತೊಲೆ ಬಾಗಲು ಹೊರಟಾಗ ಅದನ್ನು ತಡೆಯುವ ಕೆಲಸದ ಬಹುಭಾಗವನ್ನು ಮಾಡುವುದು ಮೇಲಿನ, ಕೆಳಗಿನ ಮಡಿಕೆಗಳು. ನಡುವಿನ ನಿಂತ ತಗಡು ಆ ಎರಡನ್ನೂ ದೂರ ಹಿಡಿದಿರುತ್ತದೆ. ಆದ್ದರಿಂದ ನಿಂತ ತಗಡಿನ ಮಧ್ಯದಲ್ಲಿ ಕಾಸಿನಗಲ ತುಕ್ಕು ಕಂಡರೆ ನಾನು ಅಷ್ಟು ಹೆದರುವುದಿಲ್ಲ. ಕೆಳಮಡಿಕೆಯ ಅಂಚು ಚಾಕುವಿನ ಬಾಯಿಯಂತೆ ತೆಳುವಾಗಿದ್ದರೆ ಅಲ್ಲಿಗೇ ನಿಲ್ಲುತ್ತೇನೆ. 4 ಮಿ.ಮೀ. ಇದ್ದ ಮಡಿಕೆ 3 ಮಿ.ಮೀ.ಗೆ ಇಳಿದರೆ ಆ ಜಾಗದ ಬಾಗುವಿಕೆ ತಡೆಯುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲು ಪಾಲು ಹೋಯಿತು. ಇದರ ಜೊತೆಗೆ, ತುಕ್ಕು ಕೊರೆದ ಪ್ರತಿಯೊಂದು ಕುಳಿಯೂ ಬಿರುಕು ಹುಟ್ಟಲು ಒಂದು ಜಾಗ ಮಾಡಿಕೊಡುತ್ತದೆ. ಪಿಕಪ್ ಚಾಸಿಗಳು ಒಂದೇ ಪೆಟ್ಟಿಗೆ ಮುರಿಯುವುದಕ್ಕಿಂತ, ಲಕ್ಷಾಂತರ ಸಣ್ಣ ಕುಲುಕುಗಳಿಗೆ ದಣಿದು, ಬಿರುಕು ಬಿಟ್ಟು, ಒಂದು ದಿನ ಗುಂಡಿಗೆ ಇಳಿದಾಗ ಕೈಬಿಡುವುದೇ ಹೆಚ್ಚು.

ಒತ್ತಡ ಹೆಚ್ಚು ಬೀಳುವ ಜಾಗಗಳು ಮುಖ್ಯವಾಗಿ ಎರಡು. ಒಂದು, ಕ್ಯಾಬಿನ್ ಮುಗಿದು ತೊಟ್ಟಿ ಆರಂಭವಾಗುವ ಸಂಧಿ. ಇನ್ನೊಂದು, ಹಿಂದಿನ ಲೀಫ್ ಸ್ಪ್ರಿಂಗಿನ ಮುಂದಿನ ಕೊಂಡಿಯೂ ಹಿಂದಿನ ಶಾಕಲ್ಲೂ (ಸ್ಪ್ರಿಂಗಿನ ಹಿಂತುದಿಯನ್ನು ಹಿಡಿದಿಡುವ ಓಲಾಡುವ ಕೊಂಡಿ) ಚಾಸಿಗೆ ಸೇರುವ ಜಾಗ. ದುರದೃಷ್ಟಕ್ಕೆ ತುಕ್ಕು ಹೆಚ್ಚು ಹಿಡಿಯುವುದೂ ಅಲ್ಲಿಯೇ, ಏಕೆಂದರೆ ಗಟ್ಟಿಗೊಳಿಸಲು ಕಂಪನಿಯೇ ಅಲ್ಲಿ ತಗಡಿನ ಮೇಲೆ ತಗಡು ಸೇರಿಸಿರುತ್ತದೆ, ಆ ಎರಡರ ಸಂದು ನೀರು, ಮಣ್ಣು, ಉಪ್ಪನ್ನು ಹಿಡಿದಿಡುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ತಗಡುಗಳನ್ನು ಒಳಗಿನಿಂದಲೇ ಒತ್ತಿ ಅಗಲಿಸುತ್ತದೆ. ಎರಡು ರಿವೆಟ್ಟುಗಳ ನಡುವೆ ತಗಡು ದಿಂಬಿನಂತೆ ಉಬ್ಬಿರುವುದು ಇದರ ಗುರುತು. ನೀವು ಬಣ್ಣದಡಿ ಕಂಡದ್ದು ಸ್ಪ್ರಿಂಗಿನ ಬಳಿಯ ಇಂಥ ಉಬ್ಬೇ ಆಗಿದ್ದರೆ ವ್ಯವಹಾರ ಅಲ್ಲಿಗೆ ಮುಗಿಯಿತು, ಮುಂದಿನ ಪರೀಕ್ಷೆಗಳ ಅಗತ್ಯವಿಲ್ಲ.

ಅದು ಬರೀ ಮೇಲುಹಕ್ಕಳೆ ಇದ್ದೀತು ಎಂಬ ಸಂದೇಹವಿದ್ದರೆ ಮಾರುವವರ ಒಪ್ಪಿಗೆ ಪಡೆದು ಹೀಗೆ ನೋಡಿ. ವಾಹನವನ್ನು ಗ್ಯಾರೇಜಿನ ಲಿಫ್ಟ್ ಅಥವಾ ಪಿಟ್ ಇರುವಲ್ಲಿಗೆ ಒಯ್ಯಿರಿ. ಮೈಸೂರಿನ ಬನ್ನಿಮಂಟಪದ ಸುತ್ತ ಇಂಥ ಗ್ಯಾರೇಜುಗಳು ಸಿಗುತ್ತವೆ. ಬರೀ ಜಾಕ್ ಏರಿಸಿ ಅದರಡಿ ತಲೆ ಹಾಕಬೇಡಿ, ತುಕ್ಕು ಹಿಡಿದ ಚಾಸಿಯಲ್ಲಿ ಜಾಕ್ ಇಟ್ಟ ಜಾಗವೇ ಒಳಕ್ಕೆ ಕುಸಿಯಬಹುದು. ಪ್ರತಿ ತೊಲೆಯ ಮೇಲೂ ಅಂಗೈಯಗಲದ ನಾಲ್ಕೈದು ಜಾಗಗಳಲ್ಲಿ ಬಣ್ಣವನ್ನೂ ಹಕ್ಕಳೆಯನ್ನೂ ಕೆರೆದು ಬಿಳಿ ಉಕ್ಕು ಕಾಣಿಸಿ. ಇದಕ್ಕೆ ಒಪ್ಪದ ಮಾರಾಟಗಾರರಿಂದ ನಾನು ಈವರೆಗೆ ಯಾರಿಗೂ ವಾಹನ ಕೊಡಿಸಿಲ್ಲ. ಸಣ್ಣ ಸುತ್ತಿಗೆಯಿಂದ ತೊಲೆಯುದ್ದಕ್ಕೂ ತಟ್ಟುತ್ತಾ ಬನ್ನಿ. ಗಟ್ಟಿ ಉಕ್ಕು ಗಂಟೆಯಂತೆ ದನಿ ಕೊಟ್ಟು ಸುತ್ತಿಗೆಯನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ತಿಂದುಹೋದ ಉಕ್ಕು ಹುಳುಕು ಮರದಂತೆ ಬೊದ್ದು ಸದ್ದು ಮಾಡಿ ಪೆಟ್ಟನ್ನು ನುಂಗುತ್ತದೆ. ದನಿ ಬದಲಾದ ಜಾಗದಲ್ಲಿ ಚೂಪು ಸ್ಕ್ರೂಡ್ರೈವರನ್ನು ಬಲವಾಗಿ ಒತ್ತಿ ನೋಡಿ. ಒಳಗೆ ಇಳಿದರೆ ಮುಂದೆ ಕೇಳುವುದೇನೂ ಇಲ್ಲ.

ಇಳಿಯದಿದ್ದರೆ ದಪ್ಪ ಅಳೆಯಿರಿ. ಮಡಿಕೆಯ ಅಂಚಿಗೆ ಸಾಧಾರಣ ವರ್ನಿಯರ್ ಕ್ಯಾಲಿಪರ್ ಸಾಕು. ತೊಲೆಯ ನಡುವಿಗೆ ಅಲ್ಟ್ರಾಸಾನಿಕ್ ದಪ್ಪಮಾಪಕ ಬೇಕು. ಅಳತೆಗೆ ಹೋಲಿಸಲು ಮೂಲ ದಪ್ಪ ಗೊತ್ತಿರಬೇಕಷ್ಟೆ. ಅದಕ್ಕಾಗಿ ಕಂಪನಿಯ ಪುಸ್ತಕ ಹುಡುಕಬೇಕಿಲ್ಲ. ಹಳೆಯ ವಾಹನಗಳಲ್ಲಿ ಎಂಜಿನ್, ಗೇರ್‌ಬಾಕ್ಸ್‌ಗಳಿಂದ ಆಯಿಲ್ ಹನಿದು ಜಿಡ್ಡುಗಟ್ಟಿದ ಜಾಗವೊಂದು ತೊಲೆಯ ಮೇಲೆ ಇದ್ದೇ ಇರುತ್ತದೆ. ಆ ಜಿಡ್ಡನ್ನು ಒರೆಸಿದರೆ ಅಡಿಯಲ್ಲಿ ಉಕ್ಕು ಹೊಸದರಂತೆ ಉಳಿದಿರುತ್ತದೆ. ಅಲ್ಲಿಯ ಅಳತೆಯನ್ನೇ ಮೂಲವೆಂದು ಹಿಡಿಯಬಹುದು. ಆದರೆ ಜೋಡುತಗಡು ಇರುವ ಜಾಗವನ್ನು ಒಂಟಿತಗಡಿನ ಜಾಗಕ್ಕೆ ಹೋಲಿಸಬಾರದು. ನನ್ನ ಕೆಲಸದಲ್ಲಿ ನಾನು ಇಟ್ಟುಕೊಂಡ ಗೆರೆ ಹೀಗಿದೆ: ಶೇಕಡ ಹತ್ತರೊಳಗಿನ ನಷ್ಟಕ್ಕೆ ತುಕ್ಕು ತೆಗೆದು ರಕ್ಷಣೆ ಕೊಟ್ಟರೆ ಸಾಕು. ಹತ್ತರಿಂದ ಇಪ್ಪತ್ತರ ನಡುವೆ ಇದ್ದರೆ, ಅದು ಸ್ಪ್ರಿಂಗಿನ ಕೊಂಡಿಗಳಿಂದ ದೂರವಿದ್ದರೆ, ಬೆಲೆಯಲ್ಲಿ ಗಟ್ಟಿಯಾಗಿ ಕಡಿಮೆ ಮಾಡಿಸಿಕೊಂಡು ಹಗುರ ಹೊರೆಗೆ ಕೊಳ್ಳಬಹುದು. ಇಪ್ಪತ್ತು ದಾಟಿದರೆ ಅಥವಾ ಕೊಂಡಿಗಳ ಬಳಿಯೇ ನಷ್ಟವಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಬೇಡ.

ಪೆಟ್ಟಿಗೆಯಂತೆ ಮುಚ್ಚಿದ ಭಾಗವಿದ್ದರೆ ಅದು ಒಳಗಿನಿಂದ ಹೊರಕ್ಕೆ ತುಕ್ಕು ಹಿಡಿಯುತ್ತದೆ, ಆದ್ದರಿಂದ ಹೊರಗಿನ ನುಣುಪು ಏನನ್ನೂ ಹೇಳುವುದಿಲ್ಲ. ಮೊಬೈಲಿಗೆ ಜೋಡಿಸುವ ಬಳ್ಳಿಯಂಥ ಸಣ್ಣ ಕ್ಯಾಮೆರಾವನ್ನು ಅದರ ತೂತುಗಳಿಂದ ಇಳಿಬಿಟ್ಟು ನೋಡಿ. ಹಿಂಬದಿಯಲ್ಲಿ ಸ್ಟೆಪ್ನಿ ನೇತುಹಾಕುವ ಅಡ್ಡ ತೊಲೆಯೇ ಸಾಮಾನ್ಯವಾಗಿ ಮೊದಲು ಹೋಗುವುದು. ಅದೊಂದೇ ಹೋಗಿದ್ದರೆ ಬದಲಿಸಬಹುದು, ಗಾಬರಿ ಬೇಡ. ಚಾಸಿಯಗುಂಟ ಹೋಗುವ ಉಕ್ಕಿನ ಬ್ರೇಕ್ ಪೈಪುಗಳನ್ನು, ವಿಶೇಷವಾಗಿ ಕ್ಲಿಪ್ಪುಗಳು ಹಿಡಿದಿರುವ ಜಾಗದಲ್ಲಿ, ಬೆರಳಿನಿಂದ ಸವರಿ ನೋಡಿ. ಪೊರೆ ಎದ್ದಿದ್ದರೆ ಒಂದೆರಡನ್ನಲ್ಲ, ಎಲ್ಲವನ್ನೂ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಹಿಂದಿನ ಬ್ರೇಕಿಗೆ ಹೊರೆಗೆ ತಕ್ಕಂತೆ ಒತ್ತಡ ಹೊಂದಿಸುವ ವಾಲ್ವ್ ಇದ್ದರೆ ಅದರ ಸನ್ನೆ ಕದಲುತ್ತದೆಯೇ ನೋಡಿ. ಉಪ್ಪುನೀರು ತಾಗಿದ ವಾಹನಗಳಲ್ಲಿ ಅದು ಬಿಗಿದುಕೊಂಡಿರುವುದು ಸಾಮಾನ್ಯ.

ಎಫ್‌ಸಿ, ಅಂದರೆ ವಾಹನ ಓಡಲು ಯೋಗ್ಯವೆಂಬ ಪ್ರಮಾಣಪತ್ರ, ಇದೆ ಎಂದು ಮಾರುವವರು ತೋರಿಸಬಹುದು. ಸಾರಿಗೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷಕ್ಕೊಮ್ಮೆ ಎಫ್‌ಸಿ ಆಗಬೇಕು. 2015ರ ವಾಹನ ಈಗ ಪ್ರತಿ ವರ್ಷದ ಸಾಲಿಗೆ ಸೇರಿದೆ. ಅದು ಬೇಕೇಬೇಕಾದ ಕಾಗದ. ಆದರೆ ಬಣ್ಣ ಕೆರೆದು ದಪ್ಪ ಅಳೆದ ಪ್ರಮಾಣಪತ್ರವೆಂದು ಅದನ್ನು ಭಾವಿಸಬಾರದು.

ಈಗ ವೆಲ್ಡಿಂಗ್ ವಿಷಯ. ಹಲವು ವರ್ಷಗಳ ಹಿಂದೆ ಪಾಂಡವಪುರದ ಕಡೆಯಿಂದ ಒಂದು ಪಿಕಪ್ ನನ್ನ ಬಳಿಗೆ ಬಂದಿತ್ತು. ಹಿಂದಿನ ಸ್ಪ್ರಿಂಗಿನ ಮುಂಭಾಗದಲ್ಲಿ ತೊಲೆ ಸೊರಗಿದೆಯೆಂದು ಬೇರೊಂದು ಗ್ಯಾರೇಜಿನಲ್ಲಿ ದಪ್ಪನೆಯ ಪ್ಲೇಟು ಇಟ್ಟು ನಾಲ್ಕೂ ಸುತ್ತ ಬಿಗಿಯಾಗಿ ವೆಲ್ಡ್ ಮಾಡಿಸಿದ್ದರು. ಒಂದೂವರೆ ವರ್ಷದಲ್ಲಿ ತೊಲೆ ಬಿರುಕು ಬಿಟ್ಟಿತ್ತು. ಬಿರುಕು ಬಂದದ್ದು ತುಕ್ಕು ತಿಂದ ಜಾಗದಲ್ಲಲ್ಲ. ಪ್ಲೇಟು ಮುಗಿಯುವ ಗೆರೆಯಲ್ಲಿ, ಕೆಳಮಡಿಕೆಗೆ ಅಡ್ಡಲಾಗಿ ಎಳೆದ ವೆಲ್ಡಿನ ಪಕ್ಕದಲ್ಲಿ, ಅಲ್ಲಿಯವರೆಗೆ ಆರೋಗ್ಯವಾಗಿದ್ದ ಉಕ್ಕಿನಲ್ಲಿ ಬಂದಿತ್ತು. ಇದು ಆಕಸ್ಮಿಕವಲ್ಲ. ಬಾಗುತ್ತಾ ಏಳುತ್ತಾ ಇರಬೇಕಾದ ತೊಲೆಗೆ ಒಂದು ಕಡೆ ದಿಢೀರನೆ ಗಡಸು ತೇಪೆ ಬಿದ್ದಾಗ ಬಾಗುವ ಕೆಲಸವೆಲ್ಲ ತೇಪೆಯ ಅಂಚಿಗೆ ಬಂದು ಸೇರುತ್ತದೆ, ಅದೇ ಅಂಚಿನಲ್ಲಿ ವೆಲ್ಡಿನ ಶಾಖ ಉಕ್ಕಿನ ಗುಣವನ್ನೂ ಬದಲಿಸಿರುತ್ತದೆ.

ಹಾಗೆಂದು ವೆಲ್ಡಿಂಗ್ ಕೂಡದೆಂದಲ್ಲ. ಗಟ್ಟಿ ಉಕ್ಕು ಸಿಗುವವರೆಗೆ ತುಕ್ಕಿನ ಭಾಗವನ್ನು ಕತ್ತರಿಸಿ ತೆಗೆದು, ಮೂಲದಷ್ಟೇ ದಪ್ಪದ ಉಕ್ಕನ್ನು ಕೂರಿಸಬೇಕೇ ಹೊರತು ತುಕ್ಕಿನ ಮೇಲೆ ಪ್ಲೇಟು ಹೊದಿಸಬಾರದು; ಹೊದಿಸಿದರೆ ಅದು ಮತ್ತೊಂದು ಜೋಡುತಗಡಿನ ಸಂದಾಗುತ್ತದೆ. ಬಲವರ್ಧನೆಯ ಪ್ಲೇಟಿನ ತುದಿಗಳು ನೇರ ಅಡ್ಡಗೆರೆಯಾಗಿ ಮುಗಿಯದೆ ಓರೆಯಾಗಿ, ವಜ್ರಾಕಾರದಲ್ಲಿ ಕಿರಿದಾಗುತ್ತಾ ಮುಗಿಯಬೇಕು. ವೆಲ್ಡ್ ಆದಷ್ಟೂ ನಿಂತ ತಗಡಿನ ಮೇಲೆ, ತೊಲೆಯ ಉದ್ದಕ್ಕೆ ಇರಬೇಕು, ಮಡಿಕೆಗೆ ಅಡ್ಡಲಾಗಿ ಹಾಯಬಾರದು. ಬಿರುಕು ಕಂಡಿದ್ದರೆ ಅದರ ತುದಿಯಲ್ಲಿ ಸಣ್ಣ ತೂತು ಕೊರೆದು ನಿಲ್ಲಿಸಿ, ಆಮೇಲೆ ಬೆಸೆಯಬೇಕು. ಬ್ಯಾಟರಿ ಮತ್ತು ಎಂಜಿನ್ ನಿಯಂತ್ರಿಸುವ ಇಸಿಯುವಿನ ಕನೆಕ್ಷನ್ ತೆಗೆಯದೆ, ಹತ್ತಿರದ ಡೀಸೆಲ್, ಬ್ರೇಕ್ ಪೈಪುಗಳನ್ನು ಸರಿಸದೆ ವೆಲ್ಡಿಂಗ್ ಆರಂಭಿಸಲು ಬಿಡಬೇಡಿ. ಈ ಎಲ್ಲವನ್ನೂ ತಿಳಿದು ಮಾಡುವ ಕೈ ಸಿಕ್ಕರೂ ಸ್ಪ್ರಿಂಗಿನ ಕೊಂಡಿಯ ಜಾಗಕ್ಕೆ ಈ ರಿಪೇರಿಯನ್ನು ನಂಬಿ ಹೊಸದಾಗಿ ವಾಹನ ಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದಲ್ಲಿ ಚಳಿಗಾಲದ ರಸ್ತೆಗೆ ಸುರಿಯುವ ಉಪ್ಪಿನಿಂದ ಟೊಯೋಟಾದ ಟಕೋಮಾ ಪಿಕಪ್‌ಗಳ ಚಾಸಿ ತುಕ್ಕು ಹಿಡಿದ ವಿಚಾರ ನ್ಯಾಯಾಲಯದ ಮೆಟ್ಟಿಲೇರಿ, 2016ರಲ್ಲಿ ಒಪ್ಪಂದವಾದಾಗ, ತುಕ್ಕಿನಿಂದ 10 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡ ತೂತು ಬಿದ್ದ ಚಾಸಿಯನ್ನು ಪೂರ್ತಿ ಬದಲಿಸಿಕೊಡುವ ಮಾನದಂಡ ಇಟ್ಟುಕೊಂಡರು. ಒಂದು ಸೆಂಟಿಮೀಟರಿನ ತೂತಿಗೆ ಇಡೀ ಚಾಸಿಯನ್ನೇ ಬದಲಿಸಲು ಒಪ್ಪಿದ್ದರೆಂಬುದು ನೆನಪಿನಲ್ಲಿರಲಿ. ನಮ್ಮಲ್ಲಿ ಚಾಸಿಯನ್ನೇ ಬದಲಿಸುವುದೆಂದರೆ ಖರ್ಚಿನ ಜೊತೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತೊಡಕೂ ಇದೆ. ನೋಂದಣಿ ಪುಸ್ತಕದಲ್ಲಿರುವ ಮೂಲ ವಿವರ ಬದಲಾಗುವ ಮಾರ್ಪಾಡನ್ನು ಮಾಲೀಕರು ತಾವಾಗಿ ಮಾಡಿಕೊಳ್ಳುವಂತಿಲ್ಲ.

ಅಳತೆಯಲ್ಲಿ ವಾಹನ ಪಾಸಾಗಿ ನೀವು ಕೊಂಡಿರೆಂದು ಇಟ್ಟುಕೊಳ್ಳೋಣ. ಮೊದಲ ಕೆಲಸ ಬಣ್ಣವಲ್ಲ, ಸ್ನಾನ. ತೊಟ್ಟಿಯನ್ನು ಚಾಸಿಯಿಂದ ಬಿಚ್ಚಿಸಿ ಇಳಿಸಿ. ಅದರಡಿಯ ಪ್ಯಾಕಿಂಗ್ ಪಟ್ಟಿಗಳ ಕೆಳಗೇ ಉಪ್ಪು ಹೆಚ್ಚಿರುತ್ತದೆ. ಸುತ್ತಿಗೆ, ಕೆರೆಯುವ ಉಳಿಗಳಿಂದ ಹಕ್ಕಳೆಯನ್ನು ಉದುರಿಸಿದ ಮೇಲೆ ಸಿಹಿನೀರಿನಿಂದ, ಒತ್ತಡದ ಪಂಪಿನಲ್ಲಿ, ಎರಡು ಮೂರು ದಿನ ಬಿಟ್ಟು ಬಿಟ್ಟು ತೊಳೆಯಿರಿ. ಉಪ್ಪು ಹೋಯಿತೇ ಎಂದು ತಿಳಿಯಲು ಒಂದು ಉಪಾಯವಿದೆ: ಉಜ್ಜಿ ಒಣಗಿಸಿದ ಉಕ್ಕನ್ನು ಒಂದು ರಾತ್ರಿ ತೇವದ ಗಾಳಿಗೆ ಬಿಡಿ. ಬೆಳಿಗ್ಗೆ ಕುಳಿಗಳಲ್ಲಿ ಕಪ್ಪಗೆ ಒದ್ದೆ ಚುಕ್ಕೆಗಳು ಕಂಡರೆ ಉಪ್ಪು ಇನ್ನೂ ಇದೆ, ಮತ್ತೆ ತೊಳೆಯಬೇಕು. ಗ್ರೈಂಡರಿಗೆ ಹಾಕುವ ತಂತಿ ಬ್ರಷ್ ತುಕ್ಕನ್ನು ತೆಗೆಯುವ ಬದಲು ಉಜ್ಜಿ ಹೊಳಪು ಕೊಡುವುದೂ ಉಂಟು. ಆಳವಾದ ಕುಳಿಗಳಿದ್ದರೆ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಗಟ್ಟಿ ಕಣಗಳನ್ನು ಚಿಮ್ಮಿಸಿ ತುಕ್ಕು ಉದುರಿಸುವುದು) ಮಾಡಿಸುವುದೇ ಸರಿ, ಆದರೆ ಹೊಳೆಮರಳಿನಿಂದ ಮಾಡುವವರ ಬಳಿ ಹೋಗಬೇಡಿ. ಆ ಧೂಳಿನ ಸಿಲಿಕಾ ಕೆಲಸಗಾರರ ಶ್ವಾಸಕೋಶವನ್ನು ತಿನ್ನುತ್ತದೆ, ಅದರ ಬದಲು ಗಾರ್ನೆಟ್ ಎಂಬ ಖನಿಜದ ಕಣ ಬಳಸುವವರಿದ್ದಾರೆ.

ಫಾಸ್ಫಾರಿಕ್ ಅಥವಾ ಟ್ಯಾನಿಕ್ ಆಮ್ಲವಿರುವ ರಸ್ಟ್ ಕನ್ವರ್ಟರ್‌ಗಳು ಬ್ರಷ್ಷಿಗೆ ಸಿಗದೆ ಉಳಿದ ತೆಳು ತುಕ್ಕನ್ನು ಕಪ್ಪಾದ ಸ್ಥಿರ ಪದರವಾಗಿ ಮಾರ್ಪಡಿಸುತ್ತವೆ. ದಪ್ಪ ಹಕ್ಕಳೆಯ ಮೇಲೆ ಹಚ್ಚಿದರೆ ಮೇಲ್ಪದರಕ್ಕಷ್ಟೇ ಕೆಲಸವಾಗಿ ಬುಡ ಹಾಗೆಯೇ ಉಳಿಯುತ್ತದೆ. ಆಮೇಲೆ ಎರಡು ಕೋಟು ಎಪಾಕ್ಸಿ ಪ್ರೈಮರ್, ಅದರ ಮೇಲೆ ಚಾಸಿಯ ಕಪ್ಪು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ರೆಡ್ ಆಕ್ಸೈಡ್ ಗೇಟು, ಕಿಟಕಿಗೆ ಸರಿ; ನೀರನ್ನು ತಡೆಯುವುದರಲ್ಲಿ ಅದು ಎಪಾಕ್ಸಿಗೆ ಸಮನಲ್ಲ. ಡಾಂಬರಿನಂಥ ದಪ್ಪ ಅಂಡರ್‌ಬಾಡಿ ಕೋಟಿಂಗನ್ನು ಹಳೆಯ ತುಕ್ಕಿನ ಮೇಲೆ ಖಂಡಿತ ಬೇಡ, ಅದು ಬಿರುಕು ಬಿಟ್ಟ ಕಡೆ ನೀರು ಒಳಸೇರಿ ಹೊರಬರಲಾರದೆ ನಿಲ್ಲುತ್ತದೆ. ಜೋಡುತಗಡಿನ ಸಂದುಗಳಿಗೆ, ಮುಚ್ಚಿದ ಪೆಟ್ಟಿಗೆಗಳ ಒಳಕ್ಕೆ ಉದ್ದ ನಳಿಕೆಯಿಂದ ಕ್ಯಾವಿಟಿ ವ್ಯಾಕ್ಸ್ ಎಂಬ ತುಕ್ಕು ತಡೆಯುವ ಮೇಣವನ್ನು ಸಿಂಪಡಿಸಿ. ಸುಟ್ಟ ಎಂಜಿನ್ ಆಯಿಲ್ ಬಳಿಯುವ ರೂಢಿ ನಮ್ಮಲ್ಲಿದೆ. ಅದರಲ್ಲಿ ಆಮ್ಲವೂ ಮಸಿಯೂ ಇರುತ್ತದೆ, ರಬ್ಬರ್ ಬುಷ್‌ಗಳನ್ನು ಹಾಳುಮಾಡುತ್ತದೆ, ಹನಿದದ್ದು ನಿಮ್ಮದೇ ಹೊಲದ ಮಣ್ಣಿಗೆ ಸೇರುತ್ತದೆ, ದಯವಿಟ್ಟು ಬಿಟ್ಟುಬಿಡಿ.

ನೀವು ರೈತರಾದ್ದರಿಂದ ಇನ್ನೊಂದು ಮಾತು. ಉಪ್ಪು ಮಲ್ಪೆಯಿಂದಷ್ಟೇ ಬರುವುದಿಲ್ಲ. ಗದ್ದೆಗೆ ಒಯ್ಯುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ತೂಕದಲ್ಲಿ ಅರ್ಧದ ಸಮೀಪ ಕ್ಲೋರೈಡೇ. ಚೀಲ ಹರಿದು ಚೆಲ್ಲಿದ ಪೊಟ್ಯಾಷ್, ಕೋಳಿಗೊಬ್ಬರ, ಆಲೆಮನೆಯಿಂದ ತರುವಾಗ ಸೋರಿದ ಬೆಲ್ಲದ ಪಾಕ, ಇವೆಲ್ಲವನ್ನೂ ಅದೇ ದಿನ ತೊಳೆಯಬೇಕು. ನಾಲೆಯ ಬಯಲಿನ ಕೆಸರು ಚಾಸಿಯ ತಳದ ನೀರಿಳಿಯುವ ತೂತುಗಳನ್ನು ಮುಚ್ಚುತ್ತದೆ. ನಾಟಿ ಮುಗಿದ ಮೇಲೊಮ್ಮೆ ತಂತಿ ಹಾಕಿ ಬಿಡಿಸಿ. ಎಳನೀರಿನ ಹೊರೆಯನ್ನೂ ಲೆಕ್ಕ ಹಾಕಿ: ಒಂದು ಕಾಯಿ ಒಂದೂವರೆಯಿಂದ ಎರಡು ಕಿಲೋ ತೂಗಿದರೆ ಸಾವಿರ ಕಾಯಿಗೆ ಒಂದೂವರೆಯಿಂದ ಎರಡು ಟನ್ ಆಯಿತು. ನೋಂದಣಿ ಪುಸ್ತಕದಲ್ಲಿ ಬರೆದ ಹೊರೆಯ ಮಿತಿಯನ್ನು ಹೊಸ ಚಾಸಿಯಲ್ಲೇ ಮೀರಬಾರದು. ದಪ್ಪ ಕಳೆದುಕೊಂಡ ಚಾಸಿಯಲ್ಲಿ ಅದಕ್ಕೂ ಕೆಳಗೆ ಇರಬೇಕು.

ಚಾಸಿ ನಂಬರು ಕೊರೆದಿರುವ ಜಾಗವನ್ನು ಮೊದಲ ಭೇಟಿಯಲ್ಲೇ ಹುಡುಕಿ. ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ನೋಂದಣಿ ಪುಸ್ತಕದೊಂದಿಗೆ (ಆರ್‌ಸಿ) ಅಕ್ಷರಕ್ಕೆ ಅಕ್ಷರ ತಾಳೆ ನೋಡಿ. ಅಲ್ಲಿ ತುಕ್ಕು ಹಿಡಿದು ಅಂಕಿ ಮಾಸಿದ್ದರೆ ಮಾಲೀಕತ್ವದ ವರ್ಗಾವಣೆಗೂ ಮುಂದಿನ ಎಫ್‌ಸಿಗೂ ತೊಡಕಾಗುತ್ತದೆ. ಅದನ್ನು ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸದೆ ಮುಂಗಡ ಕೊಡಬೇಡಿ. ಅಂಕಿಗಳು ಸ್ಪಷ್ಟವಿದ್ದರೆ, ಮುಂದೆ ನಿಮ್ಮ ಕೆಲಸಗಾರರು ಚಾಸಿ ಉಜ್ಜುವಾಗ ಆ ಜಾಗಕ್ಕೆ ಗ್ರೈಂಡರ್ ತಾಗಿಸಕೂಡದು. ಕೈಯಿಂದ ಮೃದುವಾಗಿ ಒರೆಸಿ, ಬಣ್ಣದ ಬದಲು ತೆಳುವಾಗಿ ಗ್ರೀಸ್ ಸವರಿ ಬಿಡಿ.